ನಿಮ್ಮ ಅಪ್ಪಾಜಿಯ ಲ್ಯಾಂಬ್ರೆಟಾ ಯಾವ ಬಣ್ಣದ್ದು?

ಲೇ ದೋಸ್ತ,

ಅಪ್ಪಾಜಿ ಗಾಡಿಯ ರಿಪೇರಿ ಎಲ್ಲಿಗೆ ಬಂತು ಅಂತ ಫೋನ್ ಮಾಡಿದಾಗೆಲ್ಲ ಕೇಳ್ತೀಯ, ನಾನು "ಆಗ್ತಾ ಐತೆ" ಅಂತೀನಿ. ಇವತ್ತು ಕೂತು ಬರೀತಿದ್ದೀನಿ. ಎಲ್ಲರೂ ಓದೋ ಜಾಗದಲ್ಲಿ ಯಾಕೆ ಅಂದ್ರೆ, ನಮ್ಮ ಬ್ಯಾಚಿನ ಅರ್ಧ ಜನ ಆ ಸ್ಕೂಟರ್ ಹತ್ತಿದೋರೇ. ಅವರಿಗೂ ಅದರ ಮೇಲೆ ಹಕ್ಕೈತೆ. ಕೊಂಡಜ್ಜಿ ಇಳಿಜಾರಿನ ವಿಷಯ ಎತ್ತಲ್ಲ, ಹೆದರಬೇಡ.

ಇಂಜಿನ್ ಮುಗೀತು. ಪಿಸ್ಟನ್, ರಿಂಗ್, ಬೇರಿಂಗ್, ಕ್ಲಚ್ ಪ್ಲೇಟು ಎಲ್ಲ ಹೊಸದು, ಬೋರ್ ಮಾಡಿಸಿದ್ದು ಹರಿಹರದಲ್ಲಿ. ಕಿಕ್ ಹೊಡೆದ್ರೆ ಆಯಿಲ್ ಬೆರೆಸಿದ ಪೆಟ್ರೋಲಿನ ಅದೇ ಹೊಗೆ, ಅದೇ ವಾಸನೆ. ಇಂಜಿನ್ ಕೆಲಸಕ್ಕೆ ಅಳತೆ ಅನ್ನೋದು ಐತೆ, ಅಳತೆ ಕೂತ್ರೆ ಮುಗೀತು. ನಾನು ಸಿಕ್ಕಾಕ್ಕೊಂಡಿರೋದು ಬಣ್ಣದಲ್ಲಿ.

ಆ ಗಾಡಿ ಯಾವ ಬಣ್ಣ ಅಂತ ಕೇಳಿದ್ರೆ ನೀನು ಏನಂತೀಯ? ಆಕಾಶ ನೀಲಿ. ನಾನೂ ಹಂಗೇ ಅಂತಿದ್ದೆ. ಬ್ಯಾಚಿನಲ್ಲಿ ಯಾರನ್ನ ಕೇಳಿದ್ರೂ ಅದೇ. ಈಚೆಗೆ ಲೆಗ್‌ಶೀಲ್ಡ್, ಅಂದ್ರೆ ಕಾಲಿನ ಮುಂದಿರೋ ದೊಡ್ಡ ತಗಡು, ಅದರ ಮೇಲಿನ ಹೆಸರಿನ ಬ್ಯಾಡ್ಜ್ ಬಿಚ್ಚಿದ್ವಿ. ಹಿಂದಿನಿಂದ ಪಿನ್ ಒತ್ತಿ ಎಬ್ಬಿಸಿದ್ರೆ, ಅಕ್ಷರಗಳಿದ್ದ ಜಾಗದಲ್ಲಿ ಅಕ್ಷರದ ಆಕಾರದಲ್ಲೇ ಇನ್ನೊಂದು ಬಣ್ಣ. ತೆಳು ಬೂದು. ನೀಲಿ ಹೊಡೆದೋನು ಬ್ಯಾಡ್ಜ್ ಬಿಚ್ಚೋ ಗೋಜಿಗೆ ಹೋಗದೆ ಸುತ್ತ ಹೊಡೆದು ಬಿಟ್ಟಿದ್ದಾನೆ. ಆ ಪುಣ್ಯಾತ್ಮ ಎಲ್ಲಿದ್ರೂ ಚೆನ್ನಾಗಿರ್ಲಿ.

ಪಕ್ಕದಲ್ಲಿ ನೀರು ಹಾಕ್ಕೊಂಡು 1500ರ ವಾಟರ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿದೆ. ಈರುಳ್ಳಿ ಕೊಯ್ದಂಗೆ ಸುತ್ತು ಸುತ್ತಾಗಿ ಎದ್ದು ಬಂತು ನೋಡು: ಹೊರಗೆ ನೀಲಿ, ಅದರೊಳಗೆ ಒಂದು ಪ್ರೈಮರ್, ಅದರೊಳಗೆ ಆ ತೆಳು ಬೂದು, ನಟ್ಟ ನಡುವೆ ತುಕ್ಕು ತಡೆಯೋ ಕೆಂಪು ಆಕ್ಸೈಡ್. ಆಮೇಲೆ ಸೈಡ್ ಪ್ಯಾನೆಲ್ ತೆಗೆದು ಒಳಮೈ ಒರೆಸಿದ್ವಿ. ಅಲ್ಲಿ ಬೂದು ಅಲ್ಲ. ಹಸಿರು ಅಂದ್ರೆ ಹಸಿರಲ್ಲ, ನೀಲಿ ಅಂದ್ರೆ ನೀಲಿಯೂ ಅಲ್ಲ, ಅಂಥದ್ದೊಂದು ಬಣ್ಣ. ಅಂದ್ರೆ ಅಪ್ಪಾಜಿ ತಂದಿದ್ದು ಎರಡು ಬಣ್ಣದ ಗಾಡಿ. ಆರ್‌ಸಿ ಪುಸ್ತಕದಲ್ಲಿ ಬಣ್ಣದ ಸಾಲಿಗೆ 'ಗ್ರೇ' ಅಂತ ಒಂದೇ ಪದ ಬರೆದು ಮುಗಿಸಿದ್ದಾರೆ. ಆ ಪುಸ್ತಕ ನಿನ್ನ ಹತ್ರ ಕಳಿಸಲ್ಲ, ನಾನೇ ಜೋಪಾನ ಮಾಡ್ತೀನಿ. ಚಿತ್ರದುರ್ಗದಲ್ಲಿ ರಿಜಿಸ್ಟರ್ ಆದ, ಮೈಸೂರು ರಾಜ್ಯದ ಕಾಲದ 'ಎಂವೈ' ಅಂತ ಶುರುವಾಗೋ ನಂಬರ್ ಅದು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ. ಎರಡಕ್ಕಿಂತಲೂ ಹಿರೀದು ಈ ಗಾಡಿ.

ಎರಡು ಬಣ್ಣ ಹೊಡೆಯೋಕೆ ಆ ಗಾಡಿ ಹೇಳಿ ಮಾಡಿಸಿದಂಗೈತೆ. ಮಿಲಾನಿನ ಇನ್ನೊಚೆಂಟಿ ಅನ್ನೋನು ಮೊದಲು ಉಕ್ಕಿನ ಪೈಪಿನ ವ್ಯಾಪಾರಿ. ಯುದ್ಧ ಮುಗಿದ ಮೇಲೆ 1947ರಲ್ಲಿ ಸ್ಕೂಟರ್ ತಂದ. ವೆಸ್ಪಾಕ್ಕೆ ತಗಡಿನ ಮೈಯೇ ಚಾಸಿ. ಲ್ಯಾಂಬ್ರೆಟಾಕ್ಕೆ ಒಳಗೆ ಪೈಪಿನ ಫ್ರೇಮು, ಅದರ ಮೇಲೆ ಬೇರೆ ಬೇರೆ ತಗಡು ಕೂರಿಸಿರ್ತಾರೆ. ಸೈಡ್ ಪ್ಯಾನೆಲ್ ಬಿಚ್ಚಿ ಒಂದು ಬಣ್ಣ, ಮೈಗೆ ಇನ್ನೊಂದು. ನಿಮ್ಮದು ಬಾಂಬೆಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾದವರು ಮಾಡಿದ್ದು. ಲಖನೌದ ಸರ್ಕಾರಿ ಫ್ಯಾಕ್ಟರಿಯ ವಿಜಯ್ ಸೂಪರ್ ಬಂತಲ್ಲ, ಅದಕ್ಕಿಂತ ಮುಂಚಿನದು. ಇಟಲಿಯಲ್ಲಾದ ಗಾಡಿಗಳಿಗೆ ಲೆಕ್ಲರ್ ಕಂಪನಿಯ 8000ದ ಸಾಲಿನ ಬಣ್ಣದ ನಂಬರುಗಳು ಸಿಗ್ತವೆ, ನಂಬರ್ ಹೇಳಿದ್ರೆ ಆಯ್ತು. ಬಾಂಬೆ ಗಾಡಿಗೆ ಆ ಪಟ್ಟಿ ನಂಬಿಕೊಂಡು ಕೂರೋ ಹಂಗಿಲ್ಲ. ಗಾಡಿಯ ಮೈ ನೋಡೇ ಬಣ್ಣ ಹಿಡೀಬೇಕು.

ಬಣ್ಣ ಮಿಕ್ಸ್ ಮಾಡೋ ಅಂಗಡೀಲಿ ಯಂತ್ರ ಐತೆ. ತಗಡಿನ ಮೇಲೆ ಇಟ್ರೆ ಬಣ್ಣ ಓದಿ, ಯಾವ ಟಿಂಟ್ (ಬೆರೆಸೋ ಬಣ್ಣ) ಎಷ್ಟು ಗ್ರಾಂ ಅಂತ ಹೇಳುತ್ತೆ. ಅದಕ್ಕೆ ನಾಣ್ಯದಗಲ ಸಮತಟ್ಟು ಜಾಗ ಬೇಕು, ಬ್ಯಾಡ್ಜಿನ ಅಕ್ಷರದ ಗುರುತು ಸಾಲಲ್ಲ. ಅದಕ್ಕೇ ಅಂಗೈಯಗಲ ಉಜ್ಜಿ, ಪಾಲಿಶ್ ಕಾಂಪೌಂಡ್ ಹಾಕಿ ಹೊಳಪು ತಂದು ತೋರಿಸಿದೆ. ಬಂದ ಬೂದಿನಲ್ಲಿ ಹಳದಿ ಜಾಸ್ತಿ. ಪೇಂಟರಣ್ಣ ನೋಡಿದ್ದೇ, "ಇದು ಕತ್ತಲೆ ತಿಂದ ಬಣ್ಣ ಸಾರ್" ಅಂದ. ಅವನ ಮಾತು ಖರೆ. ಹಳೇ ಎನಾಮಲ್ ಪೇಂಟಿನಲ್ಲಿ ಎಣ್ಣೆ ಇರುತ್ತೆ, ವರ್ಷಗಟ್ಟಲೆ ಬೆಳಕು ಕಾಣದೆ ಇದ್ರೆ ಅದು ಹಳದಿಗೆ ತಿರುಗುತ್ತೆ. ಬಿಸಿಲಿಗಿಟ್ರೆ ಆ ಹಳದಿ ಇಳಿಯುತ್ತೆ. ಉಜ್ಜಿದ ಜಾಗಕ್ಕೆ ಅರ್ಧ ರಟ್ಟು ಕಟ್ಟಿ ಲೆಗ್‌ಶೀಲ್ಡನ್ನ ಮಾಳಿಗೆ ಮೇಲೆ ಇಟ್ಟೆ. ದಾವಣಗೆರೆ ಬಿಸಿಲು ನಿನಗೆ ಗೊತ್ತಲ್ಲ. ರಟ್ಟು ಬಿಚ್ಚಿದಾಗ ನಡುವೆ ಗೆರೆ ಎಳೆದಂಗೆ ಎರಡು ಬೂದು. ಬೆಳಕು ಕಂಡ ಅರ್ಧ ತಣ್ಣಗೆ, ಸ್ವಲ್ಪ ನೀಲಿ ಕಡೆಗೆ. ಅದನ್ನೇ ಓದಿಸಿದ್ವಿ.

ಪ್ಯಾನೆಲ್ ಬಣ್ಣ ಇನ್ನೂ ಸತಾಯಿಸ್ತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹಳೇದಕ್ಕೂ ಹೊಸದಕ್ಕೂ ಕೂದಲೆಳೆ ವ್ಯತ್ಯಾಸ ಇರ್ಲಿಲ್ಲ. ಹೊರಗೆ ಬಿಸಿಲಿಗೆ ಹಿಡಿದ್ರೆ ಹೊಸದು ಹಸಿರಾಗಿ ಕೂತಿತ್ತು. ಆಗಿನ ಪಿಗ್ಮೆಂಟೇ ಬೇರೆ, ಈಗಿಂದೇ ಬೇರೆ. ಒಂದು ಬೆಳಕಲ್ಲಿ ಒಂದೇ ಥರ ಕಾಣೋವು ಇನ್ನೊಂದು ಬೆಳಕಲ್ಲಿ ಬೇರೆ ಆಗ್ತವೆ. ಯಂತ್ರ ಬಿಟ್ಟು ಪೇಂಟರಣ್ಣ ಕಣ್ಣಳತೆಯಲ್ಲೇ ಹನಿ ಹನಿ ಟಿಂಟ್ ಹಾಕಿದ. ಡಬ್ಬಿಯೊಳಗೆ ನೋಡಿ ಯಾವತ್ತೂ ತೀರ್ಮಾನ ಮಾಡಲ್ಲ ಅವನು. ಕಾರ್ಡಿಗೆ ಗನ್ನಲ್ಲಿ ಹೊಡೆದು, ಒಣಗಿಸಿ, ಬೀದಿಗೆ ತಂದು, ಪ್ಯಾನೆಲ್ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡ್ತಾನೆ. ಅಂಥ ಕೆಲಸಗಾರ ನಮ್ಮೂರಲ್ಲಿ ಇದ್ದಾನಲ್ಲ ಅಂತ ನನಗೆ ಹೆಮ್ಮೆ.

ಇಷ್ಟನ್ನೇ ಬರೆದು ಮುಗಿಸೋಣ ಅಂದ್ಕೊಂಡಿದ್ದೆ.

ಶಾಲೆಗೆ ಹೋಗುವಾಗ ಹಿಂದಿನ ಸೀಟು ನಿಂದು, ಮುಂದೆ ನಿಲ್ಲೋದು ನಂದು. ಲೆಗ್‌ಶೀಲ್ಡ್ ಒಳಗೆ ನನ್ನ ಮಂಡಿ ತಾಗೋ ಜಾಗದಲ್ಲಿ ಚಕ್ಕೆ ಎದ್ದಿತ್ತು, ದಾರಿಯುದ್ದಕ್ಕೂ ಉಗುರಲ್ಲಿ ಕೆರೀತಿದ್ದೆ. ಆ ಚಕ್ಕೆ ಈಗಲೂ ಐತೆ. ಬೂದು ನನಗೆ ಆವಾಗಲೇ ಕಂಡಿರಬೇಕು. ಅಪ್ಪಾಜಿಯ ಎರಡು ತೋಳಿನ ಮಧ್ಯೆ ನಿಂತು, ಪಿ.ಬಿ. ರೋಡಿನ ಗಾಳಿ ಮುಖಕ್ಕೆ ಹೊಡೀತಿದ್ರೆ, ಈ ಊರು ಪೂರ್ತಿ ನಂದೇ ಅನ್ನಿಸ್ತಿತ್ತು.

ರಾತ್ರಿ ಪಾಳಿ ಮುಗಿಸಿ ನಮ್ಮಪ್ಪ ಮಿಲ್ಲಿನಿಂದ ಬರ್ತಿದ್ದಿದ್ದೂ ಅದೇ ಹೊತ್ತಿಗೆ. ಸೈಕಲ್ ಮೇಲೆ, ಕಿವಿ ಸಂದೀಲಿ, ಹುಬ್ಬಲ್ಲಿ ಹತ್ತಿ ಅಂಟಿಸ್ಕೊಂಡು. ನಮ್ಮನ್ನ ಕಂಡ್ರೆ ಬೆಲ್ಲು ಬಾರಿಸ್ತಿದ್ದ. ನಾನು ಕೈ ಎತ್ತೋದ್ರೊಳಗೆ ಸ್ಕೂಟರ್ ಮುಂದೆ ಹೋಗಿರ್ತಿತ್ತು.

ಮೊನ್ನೆ ಮಾಳಿಗೆ ಮೇಲೆ ರಟ್ಟು ಬಿಚ್ತಾ ಕೂತಾಗ ಹೊಳೀತು: ಆ ಸೈಕಲ್ ಯಾವ ಬಣ್ಣದ್ದು ಅಂತ ನನಗೆ ಗೊತ್ತಿಲ್ಲ. ಕಪ್ಪೋ, ಕಡು ಹಸಿರೋ. ಬೆಲ್ಲಿನ ಸದ್ದು ನೆನಪೈತೆ, ಕ್ಯಾರಿಯರಿಗೆ ಸಿಕ್ಕಿಸ್ತಿದ್ದ ಬುತ್ತಿ ಚೀಲ ನೆನಪೈತೆ, ಬಣ್ಣ ಇಲ್ಲ. ಮಿಲ್ಲು ಮುಚ್ಚಿದ ಮೇಲೆ ಸೈಕಲ್ ಗುಜರಿಗೆ ಹೋಯ್ತು. ಫೋಟೋ ಇಲ್ಲ. ಕೇಳೋಣ ಅಂದ್ರೆ ಅವ್ವನೂ ಇಲ್ಲ. ನಿಮ್ಮ ಅಪ್ಪಾಜಿಯ ಗಾಡಿಯ ಬೂದಿನಲ್ಲಿ ಹಳದಿ ಎಷ್ಟು ಅಂತ ಬಿಸಿಲಿಗಿಟ್ಟು ನೋಡ್ತಿದ್ದೀನಿ, ನಮ್ಮಪ್ಪನ ಸೈಕಲ್ಲಿಗೆ ಉಜ್ಜಿ ನೋಡೋಕೆ ಒಂದು ಚೂರು ತಗಡೂ ಉಳಿದಿಲ್ಲ. ನಿಮ್ಮ ಅಪ್ಪಾಜಿ ತೀರಿಕೊಂಡಾಗ ನಾನು ಅತ್ತಷ್ಟು ನಮ್ಮಪ್ಪ ಹೋದಾಗ ಅಳಲಿಲ್ಲ. ನಿನಗೂ ಗೊತ್ತಿತ್ತೇನೋ, ನೀನು ಯಾವತ್ತೂ ಕೇಳಲಿಲ್ಲ. ಅದು ಈಗ ಎದೆ ಮೇಲೆ ಬಂದು ಕೂತೈತೆ ಕಣಲೇ.

ಆಯ್ತು ಬಿಡು. ಓದ್ತಿರೋ ಬ್ಯಾಚಿನೋರೆಲ್ಲ ಎದ್ದು ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ ತಿಂದು ಬನ್ರಪ. ನಿನ್ನ ಹತ್ರ ಬೇರೆ ಕೆಲಸ ಐತೆ.

ಎರಡು ಜೊತೆ ಕಾರ್ಡ್ ಕೊರಿಯರ್ ಮಾಡ್ತಿದ್ದೀನಿ. ಒಂದರಲ್ಲಿ ನಮ್ಮ ನೀಲಿ. ಇನ್ನೊಂದರಲ್ಲಿ ಬೂದು ಮತ್ತು ಆ ಪ್ಯಾನೆಲ್ ಬಣ್ಣ. ನನ್ನ ಜೀವ ಎಳೆಯೋದು ನೀಲಿಗೆ, ಆದ್ರೆ ಹೊಡೀಬೇಕಾದ್ದು ಎರಡನೇದು ಅನ್ನೋದು ನನ್ನ ಖಂಡಿತ ಅಭಿಪ್ರಾಯ. ನೀಲಿ ಗಾಡಿ ನಮ್ಮಿಬ್ಬರದು. ಅಪ್ಪಾಜಿ ದುಡ್ಡು ಕಟ್ಟಿ, ಸರದಿ ಕಾದು ಮನೆಗೆ ತಂದಿದ್ದು ಎರಡು ಬಣ್ಣದ ಗಾಡಿ. ಲೆಗ್‌ಶೀಲ್ಡ್ ಒಳಗಿನ ಆ ಚಕ್ಕೆ ಎದ್ದ ಜಾಗ ಮಾತ್ರ ನೀಲಿ ಸಮೇತ ಹಂಗೇ ಬಿಡಿಸಿ, ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಹೊಡೆಸ್ತೀನಿ. ಪೇಂಟರಣ್ಣ ಇನ್ನೂ ಒಪ್ಪಿಲ್ಲ. ಒಪ್ಪಿಸ್ತೀನಿ.

ಕಾರ್ಡ್ ಬಂದ ತಕ್ಷಣ ಮೊದಲು ನಿಮ್ಮಮ್ಮನಿಗೆ ತೋರಿಸು. ಏನೂ ಹೇಳಬೇಡ, ಕೈಗೆ ಕೊಡು ಅಷ್ಟೇ. ಮದುವೆಯಾಗಿ ಬಂದಾಗ ಆ ಗಾಡಿ ಹತ್ತಿದೋರು ಅವರು, ನೀಲಿ ಹೊಡೆಸಿದ್ದು ಆಮೇಲೆ. ಬೆಳಿಗ್ಗೆ ಬಿಸಿಲಲ್ಲಿ ತೋರಿಸು, ಹಾಲಿನ ಟ್ಯೂಬ್‌ಲೈಟಿನ ಕೆಳಗೆ ಬೇಡ. ಫೋಟೋ ತೆಗೆದು ಕಳಿಸಬೇಡ, ಫೋನು ತನಗೆ ಬೇಕಾದ ಬಣ್ಣ ಮಾಡ್ಕೊಳ್ಳುತ್ತೆ. ಅಮ್ಮ ಏನಂದ್ರು ಅಂತ ಫೋನ್ ಮಾಡಿ ಹೇಳು, ಮಾರನೇ ದಿನವೇ ಪ್ರೈಮರ್ ಹೊಡೆಸ್ತೀನಿ. ಬರೋವಾಗ ಅವರನ್ನೂ ಕರ್ಕೊಂಡು ಬಾ. ಬೆಣ್ಣೆ ದೋಸೆ ನಂದು, ಮೂರನೇ ಪ್ಲೇಟಿನ ಲೆಕ್ಕ ಮಾತ್ರ ನೀನೇ ಕೊಡಬೇಕು.

ನಿನ್ನ,
ಮುಂದೆ ನಿಲ್ತಿದ್ದೋನು