ಪ್ರವಾಸ ಪುಟದಲ್ಲಿ ವರ್ಣನೆಯ ಜತೆ ಹೊತ್ತಿನ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ವಾರಾಂತ್ಯದ ಪುರವಣಿಗಳಲ್ಲಿ ಹತ್ತಿರದ ಬೆಟ್ಟ, ಜಲಪಾತ, ಕೋಟೆ, ವಸ್ತುಸಂಗ್ರಹಾಲಯಗಳ ಬಗ್ಗೆ ಓದಿಕೊಂಡು ಮರುದಿನ ಬೆಳಿಗ್ಗೆ ಹೊರಟುಬಿಡುವ ಗಂಡ-ಹೆಂಡತಿಯರು ಬಹಳ. ಆ ಲೇಖನಗಳಲ್ಲಿ ಜಾಗದ ಚರಿತ್ರೆ ಇರುತ್ತದೆ, ಚಂದದ ಚಿತ್ರ ಇರುತ್ತದೆ, ಇಷ್ಟು ಕಿ.ಮೀ. ಎಂಬ ಒಂದು ಸಾಲೂ ಇರುತ್ತದೆ. ವಾರದ ರಜೆ ಯಾವತ್ತು, ಕೊನೆಯ ಟಿಕೆಟ್ ಎಷ್ಟು ಗಂಟೆಗೆ, ಗಾಡಿ ನಿಲ್ಲಿಸಿದ ಮೇಲೆ ಎಷ್ಟು ದೂರ ನಡೆಯಬೇಕು, ಎಷ್ಟು ಮೆಟ್ಟಿಲು, ನೆರಳಿದೆಯೇ, ಶೌಚಾಲಯ ಎಲ್ಲಿ, ಕೊನೆಯ ಬಸ್ ಎಷ್ಟೊತ್ತಿಗೆ ಎಂಬುದು ಮಾತ್ರ ಇರುವುದಿಲ್ಲ. ಒಂದು ದಿನದ ಪ್ರವಾಸ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ, ಹೊತ್ತಿನ ಲೆಕ್ಕ ತಪ್ಪಿದಾಗ.

ಬೆಳಿಗ್ಗೆ ಆರೂವರೆಗೆ ಹೊರಟು ಸಂಜೆ ಆರೂವರೆಗೆ ಮನೆ ಸೇರುವುದಾದರೆ ಕೈಯಲ್ಲಿರುವುದು 12 ಗಂಟೆ. ತಿಂಡಿ, ಊಟ, ದಣಿವಾರಿಸಿಕೊಳ್ಳುವುದಕ್ಕೆ ಎರಡು ಗಂಟೆ ಹೋಯಿತು. ದಾರಿ ತಪ್ಪುವುದು, ಪಂಕ್ಚರ್, ಪಾರ್ಕಿಂಗ್ ಸಾಲು ಇವಕ್ಕೆಂದು ಒಂದು ಗಂಟೆ ತೆಗೆದಿಡಬೇಕು. ಹೋಗಿ ಬರುವುದಕ್ಕೆ ನಾಲ್ಕು ಗಂಟೆ ಇಟ್ಟರೆ ನೋಡಲು ಉಳಿಯುವುದು ಐದೇ ಗಂಟೆ. ಅಷ್ಟರಲ್ಲಿ ಹಿಡಿಯುವುದು ಒಂದು ದೊಡ್ಡ ಜಾಗ, ಮರಳುವ ದಾರಿಯಲ್ಲಿ ಒಂದು ಚಿಕ್ಕ ಜಾಗ. ಒಂದೇ ದಿನದಲ್ಲಿ ಐದು ತಾಣ ಎಂದು ಬರೆಯುವವರು, ಪ್ರತಿ ಕಡೆಯೂ ಗಾಡಿ ನಿಲ್ಲಿಸಿ, ಟಿಕೆಟ್ ಕೊಂಡು, ಮತ್ತೆ ಹೊರಡುವುದಕ್ಕೇ ಅರ್ಧ ಗಂಟೆ ಬೇಕಾಗುತ್ತದೆ ಎಂಬುದನ್ನು ಮರೆಯುತ್ತಾರೆ. ಐದು ತಾಣಕ್ಕೆ ಎರಡೂವರೆ ಗಂಟೆ ಹಾಗೆಯೇ ಸೋರಿಹೋಗುತ್ತದೆ.

ದೂರವನ್ನು ಕಿ.ಮೀ.ಗಳಲ್ಲಿ ಹೇಳಿದರೆ ಸಾಲದು. ಊರುಗಳನ್ನು ಹಾದು, ಹಂಪ್‌ಗಳನ್ನು ದಾಟಿ, ತಿರುವುಗಳಲ್ಲಿ ಏರಿ ಹೋಗುವ ಕಿರಿದಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಸರಾಸರಿ ಹಿಡಿಯುವುದು ಒಳ್ಳೆಯದು, 80 ಕಿ.ಮೀ. ಎಂದರೆ ಎರಡು ಗಂಟೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಮೊಬೈಲ್ ನಕ್ಷೆ ತೋರಿಸುವುದು ಆ ಹೊತ್ತಿನ ಖಾಲಿ ರಸ್ತೆಯ ಲೆಕ್ಕವನ್ನು. ಹೊರಡುವ ದಿನ, ಗಂಟೆ ಕೊಟ್ಟು ನೋಡುವ ಸೌಲಭ್ಯ ಗೂಗಲ್ ಮ್ಯಾಪ್ಸ್‌ನಲ್ಲಿದೆ, ಬಳಸುವವರು ಕಡಿಮೆ. ಮರಳುವ ದಿಕ್ಕಿಗೆ ಬೇರೆಯಾಗಿಯೇ ನೋಡಬೇಕು. ರಜೆಯ ಕೊನೆಯ ಸಂಜೆ ಹೊರಗೆ ಹೋದವರೆಲ್ಲ ಒಟ್ಟಿಗೆ ನಗರದ ಕಡೆ ತಿರುಗುವುದರಿಂದ ಬೆಳಿಗ್ಗೆ ಒಂದೂವರೆ ಗಂಟೆ ಹಿಡಿದ ದಾರಿ ಸಂಜೆ ಎರಡೂವರೆ ಗಂಟೆ ಹಿಡಿದರೂ ಅಚ್ಚರಿಯಿಲ್ಲ.

ಬಾಗಿಲು ಮುಚ್ಚುವ ಸಮಯ ಬೇರೆ, ಕೊನೆಯ ಟಿಕೆಟ್ ಕೊಡುವ ಸಮಯ ಬೇರೆ. ಐದಕ್ಕೆ ಮುಚ್ಚುವ ಕಡೆ ಟಿಕೆಟ್ ಕಿಟಕಿ ನಾಲ್ಕೂವರೆಗೋ ನಾಲ್ಕಕ್ಕೋ ಮುಚ್ಚಿರುತ್ತದೆ. ಭಾನುವಾರ ತೆರೆದಿರುವ ವಸ್ತುಸಂಗ್ರಹಾಲಯಗಳು ವಾರದ ನಡುವೆ ಒಂದು ದಿನ ಮುಚ್ಚುತ್ತವೆ, ಬಹಳ ಕಡೆ ಅದು ಸೋಮವಾರ. ಶನಿವಾರ, ಭಾನುವಾರಕ್ಕೆ ಸೋಮವಾರದ ರಜೆಯೂ ಸೇರಿಕೊಂಡಾಗ ಜನ ಮೋಸಹೋಗುವುದು ಇದರಿಂದ. ಪೂಜಾಸ್ಥಳಗಳು ಮಧ್ಯಾಹ್ನ ಒಂದೆರಡು ಗಂಟೆ ಬಾಗಿಲು ಹಾಕುವುದುಂಟು. ದೀಪಸ್ತಂಭ, ಅಣೆಕಟ್ಟು, ಅರಣ್ಯದ ಸಫಾರಿಗಳಿಗೆ ನಿಗದಿತ ಹೊತ್ತು ಇರುತ್ತದೆ. ಆ ಹೊತ್ತು ಮೀರಿದರೆ ಗೇಟಿನಿಂದಲೇ ವಾಪಸ್. ಹಿಂದಿನ ದಿನ ಒಂದು ಫೋನ್ ಮಾಡಿ ವಿಚಾರಿಸುವುದಕ್ಕಿಂತ ನಂಬಿಕಸ್ತ ದಾರಿ ಇನ್ನೊಂದಿಲ್ಲ. ಜಾಲತಾಣದಲ್ಲಿ ಯಾರೋ ಬರೆದ ಸಮಯ ಎಷ್ಟು ಹಳೆಯದೋ ಹೇಳಲಾಗದು.

ಯಾವುದನ್ನು ಯಾವ ಹೊತ್ತಿಗೆ ನೋಡಬೇಕೆಂಬುದೂ ಅಷ್ಟೇ ಮುಖ್ಯ. ಬಯಲಿನದು ಬೆಳಿಗ್ಗೆ, ಸೂರಿನಡಿಯದು ಮಧ್ಯಾಹ್ನ, ಕೆರೆ-ಕಡಲ ದಂಡೆ ಸಂಜೆಗೆ. ಕಲ್ಲಿನ ಕೆತ್ತನೆಯನ್ನು ನಡುಹಗಲಲ್ಲಿ ನೋಡಿದವರು ಅರ್ಧವನ್ನೇ ನೋಡಿದಂತೆ. ಗೋಡೆಯನ್ನು ಸವರಿಕೊಂಡು ಓರೆಯಾಗಿ ಬೀಳುವ ಬೆಳಕಿನಲ್ಲಿ ಸವೆದುಹೋದ ಅಕ್ಷರ, ಬಟ್ಟೆಯ ನೆರಿಗೆ, ಸರದ ಒಂದೊಂದು ಮಣಿ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಬೆಳಕು ನೇರ ಎದುರಿನಿಂದ ಬಿದ್ದರೆ ಅದೇ ಕಲ್ಲು ಚಪ್ಪಟೆ. ನೆರಳಿನಲ್ಲಿರುವ ಗೋಡೆಗೆ ಒಬ್ಬರು ಟಾರ್ಚನ್ನು ಪಕ್ಕದಿಂದ, ಗೋಡೆಗೆ ಸಮಾನಾಂತರವಾಗಿ ಹಿಡಿದರೆ ಇನ್ನೊಬ್ಬರಿಗೆ ಅದೇ ಫಲ ಸಿಗುತ್ತದೆ. ಇದು ಬರಿಯ ಕಲ್ಲಿಗೆ ಹೇಳಿದ ಮಾತು, ಬಣ್ಣದ ಚಿತ್ರಗಳ ಮೇಲೆ ಬೆಳಕು ಬಿಡಬಾರದು. ಜಲಪಾತದಲ್ಲಿ ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ಬೆನ್ನ ಹಿಂದಿರಬೇಕು. ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಆಚೆ ಬಿಲ್ಲು ಮೂಡುತ್ತದೆ. ಪೂರ್ವಕ್ಕೆ ಮುಖ ಮಾಡಿದ ಜಲಪಾತಕ್ಕೆ ಬೆಳಿಗ್ಗೆ, ಪಶ್ಚಿಮಕ್ಕೆ ಮುಖ ಮಾಡಿದ್ದಕ್ಕೆ ಮಧ್ಯಾಹ್ನದ ಮೇಲೆ ಹೋಗಬೇಕು. ಜಲಪಾತ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಒಂದು ಪದ ಲೇಖನದಲ್ಲಿದ್ದರೆ ಎಷ್ಟು ಉಪಕಾರ!

ಬೆಟ್ಟದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಚಾರಣಿಗ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ. ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 5 ಕಿ.ಮೀ. ನಡೆದು 300 ಮೀಟರ್ ಏರುವುದಾದರೆ ಒಂದೂವರೆ ಗಂಟೆ. ಇದು ಗಟ್ಟಿ ಕಾಲಿನವರು ಎಲ್ಲೂ ನಿಲ್ಲದೆ ನಡೆದರೆ ಹಿಡಿಯುವ ಹೊತ್ತು. ವಾರವಿಡೀ ಕುರ್ಚಿಯಲ್ಲಿ ಕೂತವರು ಅರ್ಧದಷ್ಟು ಸೇರಿಸಿಕೊಳ್ಳಬೇಕು. ಇಳಿಯುವಾಗ ಬೇಗ ಬಂದೇವು ಎಂಬ ಧೈರ್ಯ ಬೇಡ. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ಮೊಣಕಾಲು ನಡುಗುವುದು, ಮರುದಿನ ಮೆಟ್ಟಿಲಿಳಿಯಲು ಕಷ್ಟವಾಗುವುದು ಅದಕ್ಕೇ. ಇಬ್ಬರಲ್ಲಿ ನಿಧಾನ ನಡೆಯುವವರು ಮುಂದಿರಲಿ. ವೇಗದವರು ಮುಂದೆ ಹೋಗಿ ಕಾಯುತ್ತ ಕೂತರೆ ಅವರಿಗೆ ವಿಶ್ರಾಂತಿ ಸಿಗುತ್ತದೆ, ಹಿಂದಿನವರು ಬಂದು ಮುಟ್ಟಿದ ತಕ್ಷಣ ಮತ್ತೆ ಹೊರಡುತ್ತಾರೆ. ಹೆಚ್ಚು ದಣಿದವರಿಗೇ ವಿಶ್ರಾಂತಿ ಇಲ್ಲದಂತಾಗುತ್ತದೆ. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗಬೇಕೆಂಬುದನ್ನು ಬುಡದಲ್ಲೇ ನಿಶ್ಚಯಿಸಿಕೊಳ್ಳಿ. ತುದಿ ಕಣ್ಣೆದುರು ಕಂಡ ಮೇಲೆ ಆ ತೀರ್ಮಾನ ಯಾರಿಗೂ ಸಾಧ್ಯವಾಗುವುದಿಲ್ಲ.

ನೀರು ತಲೆಗೆ ಗಂಟೆಗೆ ಅರ್ಧ ಲೀಟರ್, ಬಿಸಿಲು ಜೋರಿದ್ದರೆ ಇನ್ನೂ ಹೆಚ್ಚು. ಮೂರು ಗಂಟೆಯ ನಡಿಗೆಗೆ ಇಬ್ಬರಿಗೆ ಮೂರು ಲೀಟರ್, ಅಂದರೆ ಮೂರು ಕಿಲೊ ಭಾರ. ಅದನ್ನು ಎರಡು ಚೀಲಕ್ಕೆ ಹಂಚಿ. ಒಬ್ಬರ ಬಳಿಯೇ ಇದ್ದು ಇಬ್ಬರೂ ಬೇರೆಯಾದರೆ ಇನ್ನೊಬ್ಬರಿಗೆ ಗುಟುಕೂ ಇಲ್ಲ. ಒಆರ್‌ಎಸ್ ಒಯ್ಯುವವರು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು; ಒಂದು ಲೀಟರಿನ ಪುಡಿಯನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಅಪಾಯವೇ ಹೆಚ್ಚು.

ಜಲಪಾತದ ಬಗ್ಗೆ ಬರೆಯುವಾಗ ದಯವಿಟ್ಟು ಎರಡು ಸಾಲು ಎಚ್ಚರಿಕೆಗೆ ಮೀಸಲಿಡಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಭಾಗದಲ್ಲಿ ಮಳೆ ಬಿದ್ದಿರಬಹುದು, ಅಣೆಕಟ್ಟಿನಿಂದ ನೀರು ಬಿಟ್ಟಿರಬಹುದು. ತಿಳಿಯಾಗಿದ್ದ ನೀರು ಕದಡಿ ಕೆಂಪಾಗುವುದು, ಎಲೆ-ಕಡ್ಡಿ ತೇಲಿಬರುವುದು, ಭೋರ್ಗರೆತ ಏರುವುದು, ಇದರಲ್ಲಿ ಒಂದು ಕಂಡರೂ ಚಪ್ಪಲಿ, ಚೀಲ ನೋಡದೆ ದಡ ಹತ್ತಬೇಕು. ನಡುಬಂಡೆಯ ಮೇಲೆ ನಿಂತು ಫೋಟೊ ತೆಗೆಯುವವರಿಗೆ ದಡ ಸೇರಲು ಹೊತ್ತೇ ಸಿಗುವುದಿಲ್ಲ. ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಹಸಿರು, ಕಪ್ಪು ಪಾಚಿಯ ಬಂಡೆಯ ಮೇಲೆ ಯಾವ ಬೂಟಿನ ಹಿಡಿತವೂ ನಡೆಯದು. ಇನ್ನು ಸಿಡಿಲು: ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿ.ಮೀ. ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಬೆಟ್ಟದ ನೆತ್ತಿ, ಒಂಟಿ ಮರ, ತೆರೆದ ಮಂಟಪ ಬಿಟ್ಟು ಗಟ್ಟಿ ಕಟ್ಟಡಕ್ಕೋ ಗಾಜು ಏರಿಸಿದ ಕಾರಿಗೋ ಸೇರಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.

ಬೈಕಿನಲ್ಲಿ ಹೋಗುವ ಜೋಡಿಗಳಿಗೆ ಹೇಳಲೇಬೇಕಾದ ಕೆಲವು ಮಾತು. ಹಿಂದಿನ ಟೈರಿನ ಗಾಳಿಗೆ ಒಬ್ಬರಿದ್ದಾಗ ಒಂದು, ಇಬ್ಬರಿದ್ದಾಗ ಇನ್ನೊಂದು ಅಳತೆಯನ್ನು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ವಾರವಿಡೀ ಒಬ್ಬರೇ ಓಡಿಸಿದ ಗಾಳಿಯಲ್ಲೇ ಇಬ್ಬರು ಕೂತು ಹೊರಟರೆ ಟೈರಿನ ಪಕ್ಕೆ ಬಾಗಿ ಬಿಸಿಯಾಗುತ್ತದೆ, ತಿರುವಿನಲ್ಲಿ ಹಿಂಭಾಗ ಓಲಾಡುತ್ತದೆ. ಅಳತೆ ನೋಡಬೇಕಾದ್ದು ಟೈರ್ ತಣ್ಣಗಿರುವಾಗ. ಹತ್ತಾರು ಕಿ.ಮೀ. ಓಡಿದ ಮೇಲೆ ಒತ್ತಡ ಸಹಜವಾಗಿಯೇ ಏರಿರುತ್ತದೆ. ಜಾಸ್ತಿಯಾಗಿದೆ ಎಂದು ಗಾಳಿ ಬಿಡಿಸಿದರೆ ತಣಿದಾಗ ಬೇಕಾದದ್ದಕ್ಕಿಂತ ಕಡಿಮೆಯಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗನ್ನು ಒಂದೆರಡು ಹಂತ ಬಿಗಿ ಮಾಡಿ. ಇಲ್ಲವಾದರೆ ಹಿಂಭಾಗ ಕುಸಿದು ಹೆಡ್‌ಲೈಟ್ ಮೇಲಕ್ಕೆದ್ದು, ಸಂಜೆ ಮರಳುವಾಗ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಿಮಗೆ ಮುಂದಿನ ಗುಂಡಿ ಕಾಣುವುದಿಲ್ಲ. ಘಾಟಿ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ತಡೆ ಕಡಿಮೆ, ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಕಾದು ಹಿಡಿತ ಹೋಗುತ್ತದೆ. ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು, ಉದ್ದದ ಇಳಿಜಾರಿದ್ದರೆ ನಡುವೆ ನಿಲ್ಲಿಸಿ ತಣಿಯಲು ಬಿಡಬೇಕು. ಹಿಂಬದಿ ಸವಾರರು ತಿರುವಿನಲ್ಲಿ ಗಾಡಿಯ ಜತೆ ವಾಲಬೇಕು. ಹೆದರಿ ಎದುರು ಬದಿಗೆ ವಾಲಿದರೆ ಗಾಡಿ ತಿರುವಿನಿಂದ ಹೊರಗೆ ಎಳೆಯುತ್ತದೆ.

ಕಾರಿನಲ್ಲಿ ವಾಂತಿ ಬರುವವರು ಮುಂದೆ ಕೂತು ದೂರದ ರಸ್ತೆಯ ಮೇಲೆ ಕಣ್ಣಿಡಲಿ. ದಾರಿ ಹೇಳುವ ಕೆಲಸವನ್ನು ಅವರಿಗೆ ವಹಿಸಬೇಡಿ, ಮೊಬೈಲ್ ನೋಡಿದಷ್ಟೂ ಹೊಟ್ಟೆ ತೊಳಸುತ್ತದೆ. ಮಾತ್ರೆಯನ್ನು ಹೊರಡುವ ಅರ್ಧ-ಒಂದು ಗಂಟೆ ಮೊದಲೇ ನುಂಗಬೇಕು, ತಿರುವು ಶುರುವಾದ ಮೇಲೆ ನುಂಗಿ ಫಲವಿಲ್ಲ. ಈ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ತರಿಸುವುದರಿಂದ ಅದನ್ನು ತೆಗೆದುಕೊಂಡವರು ಆ ದಿನ ಸ್ಟಿಯರಿಂಗ್ ಮುಟ್ಟಬಾರದು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ತೂಕಡಿಕೆ ಬರುವುದು ಊಟದಿಂದ ಮಾತ್ರವಲ್ಲ, ದೇಹದ ಗಡಿಯಾರವೇ ಹಾಗೆ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಉಪಯೋಗಕ್ಕೆ ಬರುವುದಿಲ್ಲ. ಇಬ್ಬರಿಗೂ ಓಡಿಸಲು ಬಂದರೆ ಎರಡು ಗಂಟೆಗೊಮ್ಮೆ ಬದಲಾಗಿ. ಒಬ್ಬರಿಗೇ ಬಂದರೆ ಒಂದು ಲೋಟ ಕಾಫಿ ಕುಡಿದು 20 ನಿಮಿಷ ಸೀಟು ಹಿಂದಕ್ಕೆ ಒರಗಿಸಿ ಮಲಗಲಿ. ಕಾಫಿ ಏರಲು ಅಷ್ಟು ಹೊತ್ತು ಬೇಕು, ಎದ್ದಾಗ ಎರಡರ ಫಲವೂ ಒಟ್ಟಿಗೆ ಸಿಗುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆಗೆ ನಕ್ಷೆಯನ್ನು ಇಬ್ಬರ ಫೋನಿನಲ್ಲೂ ಮೊದಲೇ ಇಳಿಸಿಕೊಳ್ಳಬೇಕು. ಜಿಪಿಎಸ್‌ಗೆ ಸಿಮ್‌ನ ಸಿಗ್ನಲ್ ಬೇಕಿಲ್ಲ. ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುವುದರಿಂದ ಒಂದು ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಸಂಜೆಗೆ ಜೀವ ಉಳಿದಿರುತ್ತದೆ. ಇಬ್ಬರೂ ಬೇರೆಯಾದರೆ ಎಲ್ಲಿ ಸೇರಬೇಕೆಂದು ಗೇಟಿನಲ್ಲೇ ಮಾತಾಡಿಕೊಳ್ಳಿ.

ವಸ್ತುಸಂಗ್ರಹಾಲಯದ ದಣಿವು ಸೋಮಾರಿತನವಲ್ಲ. ಬೋಸ್ಟನ್ನಿನ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿಯೇ, ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಕತ್ತು ಚಾಚಿ ವಸ್ತುಗಳನ್ನು ನೋಡಬೇಕಾದ ವ್ಯಕ್ತಿಯ ಫೋಟೊಗಳ ಸಮೇತ ಈ ದಣಿವಿನ ಬಗ್ಗೆ ಬರೆದರು. ಎಲ್ಲ ಕೋಣೆ ಸುತ್ತುವ ಬದಲು ಅವರಿಗಿಷ್ಟವಾದ ಒಂದು, ಇವರಿಗಿಷ್ಟವಾದ ಒಂದು ಆರಿಸಿ ನಿಧಾನವಾಗಿ ನೋಡುವುದು ಲೇಸು. ಒಬ್ಬರಿಗೆ ಶಿಲ್ಪ, ಇನ್ನೊಬ್ಬರಿಗೆ ಹಕ್ಕಿ ಎಂದು ರುಚಿ ಬೇರೆಯಿದ್ದರೆ ಒಂದು ವಾರ ಒಬ್ಬರ ಆಯ್ಕೆ, ಮುಂದಿನ ಸಲ ಇನ್ನೊಬ್ಬರದು. ಪ್ರತಿ ಸಲವೂ ಇಬ್ಬರಿಗೂ ಒಪ್ಪುವ ಜಾಗ ಹುಡುಕುತ್ತ ಹೋದರೆ ಇಬ್ಬರಿಗೂ ಅಷ್ಟಕ್ಕಷ್ಟೇ ಆಗುವ ಜಾಗಕ್ಕೆ ತಲುಪುತ್ತಾರೆ.

ನಮ್ಮ ಕೋರಿಕೆ ಇಷ್ಟೆ. ಪ್ರತಿ ತಾಣದ ಲೇಖನದ ಪಕ್ಕದಲ್ಲಿ ನಾಲ್ಕು ಬೆರಳಗಲದ ಒಂದು ಚೌಕ ಬಿಡಿ. ಅದರಲ್ಲಿ ರಜೆಯ ದಿನ, ಕೊನೆಯ ಟಿಕೆಟ್, ನಡಿಗೆ ಮತ್ತು ಮೆಟ್ಟಿಲು, ನೆರಳು, ಕುಡಿಯುವ ನೀರು, ಶೌಚಾಲಯ, ಕೊನೆಯ ಬಸ್, ಸಿಗ್ನಲ್, ಜಾಗ ಮುಖ ಮಾಡಿದ ದಿಕ್ಕು, ಹೋಗಬಾರದ ತಿಂಗಳು ಇವು ಇರಲಿ. ಅಲ್ಲಿಗೆ ಹೋಗಿ ಬಂದ ಲೇಖಕರಿಗೆ ಇವೆಲ್ಲ ಗೊತ್ತೇ ಇರುತ್ತವೆ, ಯಾರೂ ಕೇಳದ್ದರಿಂದ ಬರೆಯುವುದಿಲ್ಲ. ಮಾಹಿತಿಯನ್ನು ಯಾವ ದಿನಾಂಕದಂದು ವಿಚಾರಿಸಿದ್ದು ಎಂಬುದನ್ನೂ ಕೆಳಗೆ ಹಾಕಿ. ಮೆಟ್ಟಿಲ ಸಂಖ್ಯೆ ಬದಲಾಗದು, ಸಮಯ ಮತ್ತು ಬಸ್ಸು ಬದಲಾಗುತ್ತವೆ. ತಪ್ಪಿದ್ದರೆ ಹೋಗಿ ಬಂದ ಓದುಗರು ತಿದ್ದಿ ಕಳಿಸುತ್ತಾರೆ, ಆ ತಿದ್ದುಪಡಿಗೆ ಮುಂದಿನ ವಾರದ ಅದೇ ಪುಟದಲ್ಲಿ ಜಾಗ ಕೊಡಬೇಕೆಂದು ವಿನಂತಿ.

ಇತಿ,
ಇಬ್ಬರು ಓದುಗರು