ಆ 62 ಎಕರೆ ಕೊಳ್ಳುವ ಮುಂಚೆ

ಫ್ಲೆಮಿಂಗ್ಟನ್, ನ್ಯೂಜೆರ್ಸಿ
ಭಾನುವಾರ

ಚಿ. ಮಂಜುಗೆ ಮಾವನ ಆಶೀರ್ವಾದ.

ನೀನು ಕಳಿಸಿದ ಹೊಲದ ಫೋಟೊಗಳನ್ನೆಲ್ಲ ನಿಮ್ಮತ್ತೆ, ನಾನು ಇಬ್ಬರೂ ಕೂತು ನೋಡಿದೆವು. ಫೋನಿನಲ್ಲಿ ಮಾತಾಡೋಣ ಅಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಹೇಳಬೇಕಾದ್ದು ಮರೆತುಹೋಗುತ್ತೆ. ಅದಕ್ಕೇ ಈ ಕಾಗದ.

62 ಎಕರೆ, ಜೊತೆಗೊಂದು ಹಳೇ ಕೊಟ್ಟಿಗೆ. ಆದರೂ ಅಕ್ಕಪಕ್ಕದ ಜಮೀನಿಗಿಂತ ಎಷ್ಟೋ ಕಮ್ಮಿ ರೇಟು. "ಯಾಕೆ ಮಾವ ಇಷ್ಟು ಅಗ್ಗ, ಏನಾದ್ರೂ ತಕರಾರಿದೆಯಾ?" ಅಂತ ಕೇಳಿದ್ದೀಯ. ತಕರಾರೇನೂ ಇಲ್ಲ. ಆ ಜಮೀನಿನ ಒಂದು ಹಕ್ಕನ್ನು, ಅಂದರೆ ಅಲ್ಲಿ ಮನೆಗಳನ್ನು ಕಟ್ಟಿ ಮಾರುವ ಹಕ್ಕನ್ನು, ಹಿಂದಿನವರು ಆಗಲೇ ಮಾರಿಬಿಟ್ಟಿದ್ದಾರೆ, ಅಷ್ಟೇ.

ನಮ್ಮೂರಲ್ಲಿ ಅಜ್ಜನ ಗಾಡಿ ಹೊಲಕ್ಕೆ ಹೋಗುತ್ತಿದ್ದದ್ದು ಪಕ್ಕದವರ ಜಮೀನಿನ ಅಂಚಿನಲ್ಲಿ. ಜಮೀನು ಅವರದ್ದೇ, ಆದರೆ ಆ ದಾರಿಗೆ ಬೇಲಿ ಹಾಕುವ ಹಾಗಿರಲಿಲ್ಲ. ಇಲ್ಲಿಯ ಕನ್ಸರ್ವೇಷನ್ ಈಸ್‌ಮೆಂಟ್, ಅಂದರೆ ಹೊಲ ಹೊಲವಾಗಿಯೇ ಉಳಿಯಬೇಕು ಅನ್ನುವ ಕರಾರು, ಅದೂ ಅದೇ ಜಾತಿಯದು. ಜಮೀನು ನಿನ್ನದೇ. ಉಳಬಹುದು, ಗುತ್ತಿಗೆಗೆ ಕೊಡಬಹುದು, ಮಾರಬಹುದು, ಮಕ್ಕಳ ಹೆಸರಿಗೆ ಬರೆಯಬಹುದು. ಲೇಔಟ್ ಮಾಡಿ ಸೈಟ್ ಹಂಚುವ ಹಾಗಿಲ್ಲ.

ಇದು ಹೇಗೆ ನಡೆಯುತ್ತೆ ಅನ್ನೋದನ್ನು ನಾನು ನೋಡಿದ್ದು ನಮ್ಮ ಪಕ್ಕದ ಮುದುಕಪ್ಪನ ಅಡುಗೆಮನೆಯಲ್ಲಿ. ಆಗ ಅವನಿಗೆ ಎಪ್ಪತ್ತರ ಹತ್ತಿರ. ಜಮೀನಿನಲ್ಲಿ ತಂಗಿಗೂ ಪಾಲಿತ್ತು, ಅವಳು ದುಡ್ಡು ಕೊಡು ಅಂತ ಕೂತಿದ್ದಳು. ಬಿಲ್ಡರ್ ಕಡೆಯವರು ದಿನಾ ಫೋನ್ ಮಾಡುತ್ತಿದ್ದರು. ಕೊನೆಗೆ ಅವನು ಆ ಹಕ್ಕನ್ನು ಕೊಂಡುಕೊಳ್ಳಿ ಅಂತ ಕೌಂಟಿಗೆ, ಅಂದರೆ ಇಲ್ಲಿಯ ಜಿಲ್ಲಾಡಳಿತಕ್ಕೆ, ಅರ್ಜಿ ಹಾಕಿದ. ಬೆಲೆ ಕಟ್ಟುವವರು ಬಂದು ಎರಡು ಲೆಕ್ಕ ಕೊಟ್ಟರು: ಮನೆ ಕಟ್ಟಲು ಮಾರಿದರೆ ಎಷ್ಟು, ಬರೀ ಬೇಸಾಯಕ್ಕೆ ಮಾರಿದರೆ ಎಷ್ಟು. ಲೆಕ್ಕಕ್ಕೆ ಹೇಳ್ತೀನಿ, ಎಕರೆಗೆ 20,000 ಮತ್ತು 8,000 ಡಾಲರ್ ಅಂತಿಟ್ಟುಕೋ. ನಡುವಿನ 12,000ವೇ ಆ ಹಕ್ಕಿನ ಬೆಲೆ. ಮುದುಕಪ್ಪ ಮೇವಿನ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಕಳೆದ, ಮತ್ತೆ ಕಳೆದ, ಆಮೇಲೆ ನನ್ನ ಕೈಗೆ ಕೊಟ್ಟು ಸರಿಯಾಗಿದೆಯಾ ನೋಡು ಅಂದ. ಆ ದುಡ್ಡಿನಲ್ಲಿ ತಂಗಿಯ ಪಾಲೂ ತೀರಿತು, ಬ್ಯಾಂಕಿನ ಸಾಲವೂ ತೀರಿತು. ಈಗ ಅವನ ಮಗ ಅಲ್ಲೇ ಜೋಳ, ಸೋಯಾ ಬೆಳೆಯುತ್ತಿದ್ದಾನೆ.

ಆ ದುಡ್ಡು ಪುಕ್ಕಟೆ ಬಂದದ್ದಲ್ಲ. ಅಮೆರಿಕದಲ್ಲಿ ನ್ಯೂಜೆರ್ಸಿಯಷ್ಟು ಒತ್ತೊತ್ತಾಗಿ ಜನ ಇರುವ ರಾಜ್ಯ ಇನ್ನೊಂದಿಲ್ಲ. ಹೊಲ ಉಳಿಸಲು ಹೀಗೆ ಹಕ್ಕು ಕೊಳ್ಳುವ ಕಾರ್ಯಕ್ರಮದ ಕಾನೂನು 1983ರಲ್ಲೇ ಆಗಿತ್ತು. 1998ರಲ್ಲಿ ಇಲ್ಲಿಯ ಜನ ಮತ ಹಾಕಿ, ಬಯಲು, ಹೊಲಗಳನ್ನು ಉಳಿಸಲು ವರ್ಷಕ್ಕೆ 98 ಮಿಲಿಯನ್ ಡಾಲರ್ ಎತ್ತಿಡಿ ಎಂದರು. ನೀನು ಎಡಿಸನ್ನಿನಲ್ಲಿ ಕೂತು ಕಟ್ಟುವ ತೆರಿಗೆಯಲ್ಲೂ ಇಂಥ ಹೊಲಗಳ ಪಾಲಿದೆ. ಅಂದಮೇಲೆ ಊರವರು ದುಡ್ಡು ಕೊಟ್ಟು ಕೊಂಡ ಹಕ್ಕನ್ನು ನಿನಗೆ ವಾಪಸ್ ಕೊಡುತ್ತಾರಾ?

ನಿನ್ನ ಎರಡನೇ ಪ್ರಶ್ನೆಗೆ ಅದೇ ಉತ್ತರ. "ಹತ್ತು ವರ್ಷ ಬಿಟ್ಟು ಒಂದಷ್ಟು ಫೀಸ್ ಕಟ್ಟಿ ಬಿಡಿಸಿಕೊಳ್ಳಬಹುದಾ?" ಅಂದಿದ್ದೀಯಲ್ಲ, ಓದಿ ಸ್ವಲ್ಪ ಬೇಜಾರಾಯ್ತು. ಇದು ಅಡವಿಟ್ಟ ಬಳೆ ಅಲ್ಲಪ್ಪ. ನಮ್ಮ ಕಡೆ ಕನ್ವರ್ಷನ್ ಮಾಡಿಸಿ ಅಭ್ಯಾಸ, ಎಲ್ಲದಕ್ಕೂ ಒಂದು ಅರ್ಜಿ, ಒಂದು ಚಲನ್ ಇರುತ್ತೆ ಅಂದುಕೊಳ್ಳುತ್ತೇವೆ. ಇಲ್ಲಿ ಡೀಡಿನಲ್ಲಿ ಶಾಶ್ವತ ಅಂತ ಬರೆದಿದೆ. ಎಷ್ಟು ಕೈ ಬದಲಾದರೂ ಅದು ಜಮೀನಿನ ಜೊತೆಗೇ ಬರುತ್ತೆ. ಹಕ್ಕು ಕೊಂಡವರ ಕಡೆಯವರು ವರ್ಷಕ್ಕೊಮ್ಮೆ ಬಂದು ನೋಡಿಕೊಂಡೂ ಹೋಗುತ್ತಾರೆ.

ಇನ್ನು ನಿನ್ನ ಪಾಲಿಹೌಸ್. ಬೇಸಾಯಕ್ಕೇ ತಾನೇ, ಯಾರು ಬೇಡ ಅಂತಾರೆ ಅಂದುಕೊಂಡಿದ್ದೀಯ. ನಮ್ಮ ಹಂಟರ್ಡನ್ ಕೌಂಟಿಯಲ್ಲೇ ಸೇವಂತಿಗೆ ಬೆಳೆಯುವವರೊಬ್ಬರು ಹೀಗೇ ಅಂದುಕೊಂಡರು. ಇಂಥದ್ದೇ ಈಸ್‌ಮೆಂಟ್ ಇದ್ದ ಜಮೀನು ಕೊಂಡು, ಪ್ಲಾಸ್ಟಿಕ್ ಮನೆಗಳಿಗಾಗಿ ಇಳಿಜಾರಿನ ಸುಮಾರು 20 ಎಕರೆಯನ್ನು ಅಗೆದು ಮಟ್ಟ ಮಾಡಿದರು. ಮೇಲ್ಮಣ್ಣು, ಕೆಳಮಣ್ಣು ಎಲ್ಲ ಬೆರೆತುಹೋಯಿತು. ಕೇಸು ವರ್ಷಗಟ್ಟಲೆ ನಡೆದು 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಅವರು ಸೋತರು. ಹೂವು ಬೆಳೆಯೋದು ಬೇಸಾಯವೇ, ಆದರೆ ಬೇಸಾಯದ ಹೆಸರಲ್ಲಿ ಮಣ್ಣನ್ನೇ ಹಾಳು ಮಾಡುವ ಹಾಗಿಲ್ಲ ಅನ್ನೋದು ತೀರ್ಪಿನ ಸಾರ. ಹಾಗಂತ ಪಾಲಿಹೌಸೇ ಬೇಡ ಅಂತಲ್ಲ. ಮೊದಲು ಕೌಂಟಿಯವರ ಹತ್ತಿರ ನಕ್ಷೆ ತಗೊಂಡು ಹೋಗಿ ಕೇಳು. ಜೆಸಿಬಿ ಆಮೇಲೆ.

ಡೀಡಿನಲ್ಲಿ ನೋಡಬೇಕಾದ ಮಾತು ಒಂದಿದೆ, "ಎಕ್ಸೆಪ್ಷನ್ ಏರಿಯಾ". ಹಕ್ಕು ಮಾರುವಾಗ ರೈತ ಮನೆಗೋ ಇನ್ನೊಂದಕ್ಕೋ ಅಂತ ಹೊರಗೆ ಇಟ್ಟುಕೊಂಡ ತುಂಡು ಅದು. ಕೆಲವು ಜಮೀನಿನಲ್ಲಿ ಇರುತ್ತೆ, ಕೆಲವದರಲ್ಲಿ ಇರಲ್ಲ. ಇಲ್ಲದಿದ್ದರೆ ನಿನ್ನ ಹೊಸ ಮನೆಯ ಆಸೆ ಕಷ್ಟ. ಇದ್ದರೂ ಅದರ ಗಡಿ ಎಲ್ಲಿ, ಎಷ್ಟು ಮನೆಗೆ ಒಪ್ಪಿಗೆ ಅಂತ ಸರ್ವೇಯವರಿಂದ ಗುರುತು ಹಾಕಿಸು. ಏಜೆಂಟ್ ಬೆರಳು ತೋರಿಸಿ "ಅಲ್ಲಿವರೆಗೂ" ಅಂದದ್ದನ್ನು ನಂಬಬೇಡ. ತೆರಿಗೆ ವಿಷಯ ಸುಲಭ. ಐದು ಎಕರೆಗೆ ಮೇಲಿದ್ದು, ವರ್ಷಕ್ಕೆ ಇಷ್ಟು ಅಂತ ಬೆಳೆ ಮಾರಿದ ಲೆಕ್ಕ ತೋರಿಸಿದರೆ ಕೃಷಿ ಭೂಮಿಯ ದರ. ಮೊದಲೆರಡು ವರ್ಷ ಪಕ್ಕದವರಿಗೆ ಒಣಹುಲ್ಲಿಗೆ ಬಿಟ್ಟುಬಿಡು.

ಇಷ್ಟೆಲ್ಲ ನಾನು ಯಾಕೆ ತಲೆಗೆ ಹಚ್ಚಿಕೊಂಡಿದ್ದೇನೆ ಅಂತ ನಿಮ್ಮಮ್ಮನಿಗೆ ಗೊತ್ತು. ದೇವನಹಳ್ಳಿ ಹತ್ತಿರ ಅಜ್ಜನಿಗಿದ್ದದ್ದು ನಾಲ್ಕು ಎಕರೆ, ರಾಗಿ, ಬಾವಿ ಪಕ್ಕ ಎರಡು ಚಕ್ಕೋತದ ಮರ. ಏರ್‌ಪೋರ್ಟ್ ಬರುತ್ತೆ ಅಂತ ಆದಮೇಲೆ ಬ್ರೋಕರ್ ಮನೆಗೇ ಬಂದ. ಅಜ್ಜನಿಗೆ ಇಷ್ಟವಿರಲಿಲ್ಲ. ನಾನು ಇಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸಿದೆ. ಆಮೇಲೆ ಹೋದಾಗ ನೋಡಿದರೆ ಬರೀ ಸೈಟ್ ಕಲ್ಲು, ಬಾವಿಗೆ ಮಣ್ಣು ತುಂಬಿದ್ದರು. ಚಕ್ಕೋತ ಒಂದು ಮರ ಉಳಿದಿತ್ತು, ಅದೂ ಯಾರದೋ ಕಾಂಪೌಂಡಿನ ಒಳಗೆ. ಹಕ್ಕು ಮಾತ್ರ ಮಾರಿ ಹೊಲ ಉಳಿಸಿಕೊಳ್ಳುವ, ಮುದುಕಪ್ಪನಿಗೆ ಇದ್ದ ಆ ದಾರಿ ಅಜ್ಜನಿಗೆ ಇರಲಿಲ್ಲ. ಅಲ್ಲೇ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂರಬೇಕಾಯಿತು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿದ್ದನ್ನು ಓದಿದ ದಿನ ನಾನು ಅಜ್ಜನ ಫೋಟೊ ಕಡೆ ನೋಡಲಿಲ್ಲ.

ನಿನಗೆ ಸೈಟಿನ ಲಾಭವೇ ಬೇಕಿದ್ದರೆ ಬೇರೆ ಕಡೆ ನೋಡು, ನಾನೇನೂ ತಪ್ಪು ತಿಳಿಯಲ್ಲ. ಬದನೆ, ಹೀರೆ, ದಂಟು ಬೆಳೆದು ಎಡಿಸನ್ ಅಂಗಡಿಗಳಿಗೆ ಹಾಕುತ್ತೀನಿ ಅಂದಿದ್ದೆಯಲ್ಲ, ಅದು ನಿಜವಾದರೆ ಈ ಜಮೀನು ಬಿಡಬೇಡ. ಸಾಹುಕಾರರು ಬಂಗಲೆ, ಕುದುರೆ ಅಂತ ಇಂಥದ್ದಕ್ಕೂ ರೇಟು ಏರಿಸುತ್ತಾರೆ, ತಡ ಮಾಡಬೇಡ.

ಒಂದು ಮಾತ್ರ. ನಾಲ್ಕನೇ ಫೋಟೊದಲ್ಲಿ ಕೊಟ್ಟಿಗೆ ಹಿಂದಿನ ಮೂಲೆಯಲ್ಲಿ ಜೊಂಡು ಕಾಣುತ್ತಿದೆ. ಅಲ್ಲಿ ನೀರು ನಿಲ್ಲುತ್ತೆ ಅಂತ ನನ್ನ ಅನುಮಾನ. ಶನಿವಾರ ಬೆಳಿಗ್ಗೆ ಡೀಡಿನ ಪ್ರತಿ ತಗೊಂಡು ಬಾ, ಬೂಟು ಹಾಕಿಕೊಂಡು ಬಾ. ಗುದ್ದಲಿ ನನ್ನ ಹತ್ತಿರ ಇದೆ. ಎರಡಡಿ ಅಗೆದು ನೋಡೋಣ. ನಿಮ್ಮತ್ತೆ ಮುದ್ದೆ, ಬಸ್ಸಾರು ಮಾಡ್ತಾಳಂತೆ.

ಇಂತಿ,
ನಿನ್ನ ಮಾವ