ಹಳೆಯ ಪೀಠೋಪಕರಣ, ಹೊಸ ಕೋಣೆ: ಬಣ್ಣಕ್ಕಿಂತ ಮೊದಲು ಅಳತೆ

ಮಾನ್ಯ ಸಂಪಾದಕರೇ,

ಹಳೆಯ ಕಾಲದ ಪೀಠೋಪಕರಣಗಳನ್ನು ಇಂದಿನ ಸರಳ ಒಳಾಂಗಣದೊಂದಿಗೆ ಬೆರೆಸಿ ಕೋಣೆಯನ್ನು ಸಜ್ಜುಗೊಳಿಸುವ ಬಗ್ಗೆ ಪತ್ರಿಕೆಗಳ ಪುರವಣಿಗಳಲ್ಲಿ ಆಗಾಗ ಲೇಖನಗಳು ಬರುತ್ತಿರುತ್ತವೆ. ಈ ಆಸಕ್ತಿ ಸ್ವಾಗತಾರ್ಹವಾದುದು. ಇನ್ನೂ ಗಟ್ಟಿಯಾಗಿರುವ ಮೇಜು, ಬೀರುಗಳು ಕಸಕ್ಕೆ ಹೋಗದೆ ಮತ್ತೊಂದು ತಲೆಮಾರಿನ ಬಳಕೆಗೆ ಒದಗುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಆದರೆ ಇಂಥ ಬರಹಗಳಲ್ಲಿ ಬಣ್ಣ ಮತ್ತು ನೋಟದ ಮಾತೇ ಮುಂದಾಗಿ, ವಸ್ತುಗಳ ಅಳತೆ, ಅವುಗಳ ಮೇಲೆ ಬೀಳುವ ಬೆಳಕು ಮತ್ತು ಅವುಗಳಿಂದ ಆಗಬಹುದಾದ ಅಪಾಯದ ಮಾತು ಹಿಂದೆ ಉಳಿಯುತ್ತದೆ. ಎರಡು ಕಾಲದ ವಸ್ತುಗಳು ಒಂದು ಕೋಣೆಯಲ್ಲಿ ಹೊಂದಿಕೊಳ್ಳುವುದು ಮೊದಲು ಅಳತೆಯಿಂದ, ಆಮೇಲೆ ಬಣ್ಣದಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ರೆಟ್ರೊ, ಅಂದರೆ ಹಳೆಯ ಕಾಲದ ನೋಟ, ಎಂಬ ಒಂದೇ ಹೆಸರಿನಡಿ ನಾವು ಸೇರಿಸಿಬಿಡುವ ಶೈಲಿಗಳು ಒಂದಕ್ಕೊಂದು ಬಹಳ ದೂರದವು. 1925ರ ಪ್ಯಾರಿಸ್ ಪ್ರದರ್ಶನದಿಂದ ಹೆಸರು ಪಡೆದ ಆರ್ಟ್ ಡೆಕೊ, ಮೆರುಗಿನ ವಿನಿಯರ್ (ಮೇಲ್ಮೈಗೆ ಅಂಟಿಸುವ ತೆಳು ಮರದ ಹಾಳೆ) ಮತ್ತು ಮೆಟ್ಟಿಲು ಮೆಟ್ಟಿಲಾದ ಆಕಾರಗಳನ್ನು ಮೆಚ್ಚಿತು. ಸರಿಸುಮಾರು ಅದೇ ಸಮಯದಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿದ್ದ ಮಾರ್ಸೆಲ್ ಬ್ರಾಯರ್, ಸೈಕಲ್ಲಿನ ಹ್ಯಾಂಡಲ್ಲಿನಿಂದ ಪ್ರೇರಣೆ ಪಡೆದು, ಬಾಗಿಸಿದ ಉಕ್ಕಿನ ಕೊಳವೆಗಳಿಂದ ಕುರ್ಚಿಯನ್ನು ರೂಪಿಸಿದರು. ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ಹೆಸರಾಂತ ಪ್ಲೈವುಡ್ ಕುರ್ಚಿಗಳ ಹಿಂದೆ ಇರುವುದು ಎರಡನೆಯ ಮಹಾಯುದ್ಧದ ಅನುಭವ; ಅಮೆರಿಕದ ನೌಕಾಪಡೆಗಾಗಿ ಗಾಯಗೊಂಡ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆಗಳನ್ನು ಮಾಡುತ್ತಾ ಅವರು ಮರದ ಹಾಳೆಗಳನ್ನು ಬಾಗಿಸುವ ತಂತ್ರವನ್ನು ಪಳಗಿಸಿಕೊಂಡಿದ್ದರು. 1957ರಲ್ಲಿ ಮಾರುಕಟ್ಟೆಗೆ ಬಂದ ವಿನ್ಯಾಸಕ ಈರೊ ಸಾರಿನೆನ್ ಅವರ ಮೇಜು ಕುರ್ಚಿಗಳು, ಕೆಳಗಿನ ಕಾಲುಗಳ ಗೋಜಲನ್ನೇ ತೆಗೆದುಹಾಕಿ ಒಂದೇ ಕಂಬದ ಮೇಲೆ ನಿಂತವು. ಇನ್ನು 1967ರಲ್ಲಿ ತಯಾರಿಕೆಗೆ ಬಂದ ಡೆನ್ಮಾರ್ಕಿನ ವಿನ್ಯಾಸಕ ವರ್ನರ್ ಪ್ಯಾಂಟನ್ ಅವರ ಕುರ್ಚಿಯಂತೂ ಒಂದೇ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿನದು.

ಈ ಚರಿತ್ರೆಯನ್ನು ನೆನಪಿಸುವುದಕ್ಕೆ ಕಾರಣವಿದೆ. ಕಳೆದ ಶತಮಾನದ ನಡುವಿನ ದಶಕಗಳ ತೆಳುಗಾಲಿನ, ಅಲಂಕಾರವಿಲ್ಲದ ಪೀಠೋಪಕರಣಗಳು ಇಂದಿನ ಒಳಾಂಗಣಕ್ಕೆ ಸುಲಭವಾಗಿ ಒಗ್ಗುತ್ತವೆ, ಏಕೆಂದರೆ ಇಂದಿನ ಸರಳತೆ ಹುಟ್ಟಿದ್ದೇ ಆ ಪರಂಪರೆಯಿಂದ. ದಪ್ಪ ಕೆತ್ತನೆಯ, ನೆಲಕ್ಕೆ ಕಚ್ಚಿಕೊಂಡಂತಿರುವ ಅದಕ್ಕೂ ಹಿಂದಿನ ಬೀರುಗಳ ವಿಷಯ ಹಾಗಲ್ಲ. ಅವು ಸುತ್ತಲೂ ಖಾಲಿ ಗೋಡೆಯನ್ನು ಬೇಡುತ್ತವೆ, ಮತ್ತು ಚಿಕ್ಕ ಕೋಣೆಯಲ್ಲಿ ಅಂಥದ್ದು ಒಂದಕ್ಕಿಂತ ಹೆಚ್ಚಿರಬಾರದು. ಯಾವ ದಶಕದ ವಸ್ತು ನಮ್ಮ ಕೈಯಲ್ಲಿದೆ ಎಂದು ತಿಳಿಯದೆ ಅದರ ಪಕ್ಕಕ್ಕೆ ಏನನ್ನಿಡಬೇಕೆಂದು ಹೇಳುವುದು ಕಷ್ಟ.

ಅಳತೆಯ ಮಾತಿಗೆ ಬರುತ್ತೇನೆ. ಊಟದ ಅಥವಾ ಬರೆಯುವ ಕುರ್ಚಿಯ ಆಸನ ಸಾಮಾನ್ಯವಾಗಿ ನೆಲದಿಂದ 43ರಿಂದ 46 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಆಸನಕ್ಕೂ ಮೇಜಿನ ಮೇಲ್ಮೈಗೂ 28ರಿಂದ 30 ಸೆಂಟಿಮೀಟರ್ ಅಂತರವಿದ್ದರೆ ಕೈಗೆ ಹಿತ. ಹಳೆಯ ಮೇಜಿಗೆ ಹೊಸ ಕುರ್ಚಿ ತರುವವರು ಬಣ್ಣದ ಮಾದರಿಯ ಜೊತೆಗೆ ಈ ಲೆಕ್ಕವನ್ನೂ ಬರೆದುಕೊಂಡು ಹೋಗಬೇಕು. ಒರಗಿ ಕೂರುವ ಹಳೆಯ ಕುರ್ಚಿಗಳ ಆಸನ ಎಷ್ಟೋ ಸಲ ಇದಕ್ಕಿಂತ ಬಹಳ ತಗ್ಗಾಗಿರುತ್ತದೆ, ಆದ್ದರಿಂದ ಅವನ್ನು ಎತ್ತರದ ಹೊಸ ಸೋಫಾದ ಎದುರಿಗಿಟ್ಟರೆ ಮಾತನಾಡುವ ಇಬ್ಬರಲ್ಲಿ ಒಬ್ಬರು ಸದಾ ಕತ್ತೆತ್ತಿ ನೋಡಬೇಕಾಗುತ್ತದೆ. ಚಿತ್ರದಲ್ಲಿ ಈ ತೊಡಕು ಕಾಣುವುದಿಲ್ಲ, ಆದರೆ ಆ ಕೋಣೆಯಲ್ಲಿ ಬಾಳುವವರಿಗೆ ಪ್ರತಿ ಸಂಜೆಯೂ ಗೊತ್ತಾಗುತ್ತದೆ. ಆಸನಗಳ ಎತ್ತರ ಒಂದಕ್ಕೊಂದು ಹತ್ತಿರವಾಗಿದ್ದರೆ, ತೇಗದ ಕುರ್ಚಿಯೂ ಉಕ್ಕಿನ ಕುರ್ಚಿಯೂ ಯಾವ ತಕರಾರೂ ಇಲ್ಲದೆ ಜೊತೆಗಿರುತ್ತವೆ.

ಎರಡು ಕಾಲಗಳಿಗೂ ಅರ್ಧರ್ಧ ಜಾಗ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅದು ಎರಡು ಮನೆಗಳ ಸಾಮಾನನ್ನು ಒಂದೆಡೆ ಇಳಿಸಿದಂತೆ ಕಾಣುತ್ತದೆ. ಗೋಡೆ, ನೆಲ, ಪರದೆ, ಸೋಫಾಗಳಂಥ ದೊಡ್ಡ ಮೇಲ್ಮೈಗಳು ಒಂದು ಕಾಲದ ಸ್ವಭಾವವನ್ನು ಹಿಡಿದಿರಲಿ. ಇನ್ನೊಂದು ಕಾಲದ ಎರಡೋ ಮೂರೋ ವಸ್ತುಗಳು ಮಾತ್ರ ಅದರ ನಡುವೆ ಎದ್ದು ನಿಲ್ಲಲಿ. ಅವುಗಳಲ್ಲಿರುವ ಯಾವುದಾದರೂ ಒಂದು ಗುಣ, ಹಿತ್ತಾಳೆಯ ಹಿಡಿಯಾಗಲಿ, ಮರದ ಕೆಂಪು ಛಾಯೆಯಾಗಲಿ, ಕೋಣೆಯ ಮತ್ತೊಂದು ಮೂಲೆಯಲ್ಲಿಯೂ ಸಣ್ಣದಾಗಿ ಕಾಣಿಸಿಕೊಂಡರೆ ಸಾಕು.

ಬೆಳಕಿನ ಬಗ್ಗೆ ಇನ್ನೂ ಹೆಚ್ಚಿನ ಕಾಳಜಿ ಬೇಕು. ಹಳೆಯ ಮರ, ಬಟ್ಟೆ, ಹಿತ್ತಾಳೆಗಳನ್ನು ಅಂದಿನವರು ಕಂಡದ್ದು ತಂತಿಯ ಬಲ್ಬಿನ ಬೆಚ್ಚನೆಯ ಹಳದಿ ಬೆಳಕಿನಲ್ಲಿ, ಅಂದರೆ ಸುಮಾರು 2700 ಕೆಲ್ವಿನ್ ವರ್ಣತಾಪದಲ್ಲಿ (ವರ್ಣತಾಪವೆಂದರೆ ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ). ಅದೇ ವಸ್ತುಗಳನ್ನು 6500 ಕೆಲ್ವಿನ್‌ನ ನೀಲಿಮಿಶ್ರಿತ ಬಿಳಿ ಎಲ್‌ಇಡಿ ಕೆಳಗೆ ಇಟ್ಟರೆ ಮರದ ಕೆಂಪು ಸತ್ತು ಬೂದಿ ಬಡಿದಂತಾಗುತ್ತದೆ. ಆಗ ಎಷ್ಟು ಪಾಲಿಶ್ ಹೊಡೆದರೂ ಪ್ರಯೋಜನವಿಲ್ಲ. 2700ರಿಂದ 3000 ಕೆಲ್ವಿನ್ನಿನ, ವರ್ಣ ನಿಖರತೆಯ ಸೂಚ್ಯಂಕ (ದೀಪ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ, ಸಿಆರ್‌ಐ) 90 ಅಥವಾ ಅದಕ್ಕಿಂತ ಹೆಚ್ಚಿರುವ ದೀಪಗಳನ್ನು ಆರಿಸಿದರೆ ಹಳೆಯದರ ಬಣ್ಣ ಉಳಿಯುತ್ತದೆ, ಹೊಸದಕ್ಕೂ ಕೊರತೆಯಾಗುವುದಿಲ್ಲ.

ಹಳೆಯ ದೀಪಗಳನ್ನು ಮರಳಿ ಬಳಸುವವರು ಹೊರಗಿನ ರೂಪವನ್ನು ಉಳಿಸಿಕೊಂಡು ಒಳಗಿನ ತಂತಿ, ಹೋಲ್ಡರ್, ಪ್ಲಗ್‌ಗಳನ್ನು ಪೂರ್ತಿ ಬದಲಿಸಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ರಬ್ಬರಿನ ಹೊದಿಕೆ ಕಾಲಾಂತರದಲ್ಲಿ ಗಡುಸಾಗಿ ಬಿರುಕು ಬಿಡುತ್ತದೆ. ಲೋಹದ ದೀಪಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಆ ಬಿರುಕು ಪ್ರಾಣಕ್ಕೇ ಎರವಾಗಬಲ್ಲದು. ಈ ಕೆಲಸ ಅರಿತ ಎಲೆಕ್ಟ್ರಿಶಿಯನ್‌ನದು, ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ. 60 ವ್ಯಾಟ್ ಬಲ್ಬಿನ ಬೆಳಕನ್ನು ಇಂದು ಸುಮಾರು 9 ವ್ಯಾಟ್‌ನ ಎಲ್‌ಇಡಿಯೇ ಕೊಡುವುದರಿಂದ, ಹಳೆಯ ಬಟ್ಟೆಯ ಅಥವಾ ಕಾಗದದ ಮುಸುಕು ಬಿಸಿಯಿಂದ ಕಂದುವ ಭಯವೂ ಕಡಿಮೆಯಾಗುತ್ತದೆ.

ಬಣ್ಣ ಬಳಿದ ಹಳೆಯ ಕಪಾಟುಗಳ ವಿಷಯವಂತೂ ಇನ್ನೂ ಗಂಭೀರವಾದುದು. ಹಿಂದಿನ ಬಣ್ಣಗಳಲ್ಲಿ ಸೀಸ ಸಾಮಾನ್ಯವಾಗಿತ್ತು. ಅಮೆರಿಕ ಮನೆಬಳಕೆಯ ಬಣ್ಣಗಳಲ್ಲಿ ಅದನ್ನು ನಿಷೇಧಿಸಿದ್ದು 1978ರಲ್ಲಿ, ಮತ್ತು ಅನೇಕ ದೇಶಗಳಲ್ಲಿ ನಿಯಮ ಬಂದದ್ದು ಅದಕ್ಕಿಂತಲೂ ತಡವಾಗಿ. ಅಂಥ ಬಣ್ಣವನ್ನು ಮರಳು ಕಾಗದದಿಂದ ಒದ್ದೆ ಮಾಡದೆ ಒಣದಾಗಿಯೇ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೀಸವಿದ್ದರೆ ಉಜ್ಜುವ ಕೆಲಸವನ್ನು ಅದರಲ್ಲಿ ತರಬೇತಿ ಇರುವವರಿಗೇ ಬಿಡಬೇಕು. ಹಳೆಯ ಬಣ್ಣವನ್ನು ಒರಟೊರಟಾಗಿ ಕೆರೆದು ಚೆಂದಗಾಣಿಸುವ ವಿಧಾನವನ್ನು ಉತ್ಸಾಹದಿಂದ ಹೇಳಿಕೊಡುವ ಬರಹಗಳು ಈ ಒಂದು ಎಚ್ಚರಿಕೆಯನ್ನು ಬಿಡುವುದು ನನಗೆ ನಿಜವಾಗಿಯೂ ಕಳವಳದ ಸಂಗತಿ.

ಬಣ್ಣವಿಲ್ಲದ, ಪಾಲಿಶ್ ಮಾತ್ರ ಇರುವ ಮರಕ್ಕೆ ಕೈ ಹಾಕುವ ಮುನ್ನವೂ ಕಾಣದ ಮೂಲೆಯೊಂದರಲ್ಲಿ ಸ್ವಲ್ಪ ಸ್ಪಿರಿಟ್ ಹಚ್ಚಿ ನೋಡಬಹುದು. ಮೇಲ್ಮೈ ಮೆದುವಾಗಿ ಅಂಟಿದರೆ ಅದು ಅರಗಿನ ಪಾಲಿಶ್. ಅದನ್ನು ಕಿತ್ತು ಹಾಕದೆ ಹೊಸ ಪದರ ಕೊಟ್ಟು ಸರಿಪಡಿಸಲು ಸಾಧ್ಯ. ಒಳಗೆ ಸಣ್ಣ ರಂಧ್ರಗಳಿದ್ದು ಹೊಸ ಮರದ ಪುಡಿ ಉದುರುತ್ತಿದ್ದರೆ ಕೊರೆಯುವ ಹುಳು ಇನ್ನೂ ಬದುಕಿದೆ ಎಂದರ್ಥ, ಅದಕ್ಕೆ ಚಿಕಿತ್ಸೆಯಾಗುವ ತನಕ ಆ ವಸ್ತು ಕೋಣೆಯೊಳಗೆ ಬರಕೂಡದು.

ತಮ್ಮ ಪತ್ರಿಕೆಯ ಒಳಾಂಗಣ ಪುಟಗಳಲ್ಲಿ ಚಿತ್ರಗಳ ಜೊತೆಗೆ ವಸ್ತುಗಳ ಎತ್ತರ ಅಗಲಗಳನ್ನೂ ದೀಪದ ವರ್ಣತಾಪವನ್ನೂ ನಮೂದಿಸುವ ಪದ್ಧತಿಯನ್ನು ಆರಂಭಿಸಬೇಕೆಂದು, ಹಾಗೂ ಹಳೆಯ ಬಣ್ಣ, ಹಳೆಯ ತಂತಿಗಳ ಕುರಿತು ತಜ್ಞರಿಂದ ಒಂದು ಪ್ರತ್ಯೇಕ ಲೇಖನವನ್ನು ಬರೆಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ